ಇಂಜಿನ್ ಪಳಗುವ ಮುನ್ನ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಮೆಲ್ಲಗೆ ಮೇಸ್ತ್ರಿ’ ಎಂದೇ. ರಿಪೇರಿಯಾದ ಗಾಡಿಯ ಕೀಲಿಕೈ ಕೊಡುವಾಗ “ಮೆಲ್ಲಗೆ ಓಡಿಸಿ, ಮೆಲ್ಲಗೆ” ಅನ್ನದೆ ಅವನು ಯಾರನ್ನೂ ಕಳಿಸಿದವನಲ್ಲ. ಕೆಳಗೆ ಗ್ಯಾರೇಜು, ಮೇಲೆ ಎರಡು ಕೋಣೆಯ ಮನೆ. ಹೆಂಡತಿ ಅವನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಮಾತ್ರ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ.

ಆ ಕಪ್ಪಿಗೆ ಅವನು ನಾಚುವಂತೆ ಮಾಡಿದವರು ಭಾವ, ಅಕ್ಕನ ಗಂಡ. ಆಫೀಸೊಂದರಲ್ಲಿ ಮ್ಯಾನೇಜರು. ಭಾಮೈದನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಬಂದ್ಯಾ ಗ್ರೀಸು?” ಅನ್ನುವರು. ತಮಾಷೆಗೇ ಅನ್ನಿ. ಆದರೆ ಆಫೀಸಿನವರು ಮನೆಗೆ ಬಂದಿದ್ದ ದಿನ, “ಹಿಂದಿನ ಬಾಗಿಲಿಂದ ಬಾರೋ, ಸೋಫಾಗೆ ಹೊಸ ಬಟ್ಟೆ ಹಾಕ್ಸಿದೀವಿ” ಅಂದದ್ದು ತಮಾಷೆಯಾಗಿರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದಳೇ ಹೊರತು ತುಟಿ ಬಿಚ್ಚಲಿಲ್ಲ.

ಹಲ್ಲಿನ ಡಾಕ್ಟರಮ್ಮನ ಕಾರು ಅವನ ಕೈಗೆ ಬಂದದ್ದು ಇದೆಲ್ಲ ಆದ ಮೇಲೆ. ಇಬ್ಬರೇ ಕೂರುವ, ಮಾಡು ತೆಗೆದಿಡಬಹುದಾದ, ಉದ್ದ ಮೂತಿಯ ಹಸಿರು ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿದ್ದಾಗ ಆಸೆಪಟ್ಟು ಕೊಂಡದ್ದಂತೆ. ಆಮೇಲೆ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿಬಿಟ್ಟಿತ್ತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಕ್ಲಿನಿಕ್ ಮುಚ್ಚಿದ ವಾರವೇ ಡಾಕ್ಟರಮ್ಮ ಅದನ್ನು ಎಳೆಸಿಕೊಂಡು ಬಂದರು. “ಊರವರ ಬಾಯೆಲ್ಲ ನೋಡಿದ್ದಾಯ್ತು ಮೇಸ್ತ್ರಿ. ಇನ್ನು ಇದರ ಬಾಯಿ ನೀವು ನೋಡಿ.”

ಮೇಸ್ತ್ರಿ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹಳೆ ಮೇಜಿನ ಮೇಲೆ ಹರಡಿದ. ಸಿಲಿಂಡರುಗಳನ್ನು ಲೇತಿನವನಲ್ಲಿ ಕೊರೆಸಿ ಹೊಸ ಪಿಸ್ಟನ್ ಕೂರಿಸಿದ. ವಾಲ್ವುಗಳನ್ನು ಒಂದೊಂದಾಗಿ ಅಂಗೈ ನಡುವೆ ಕಡ್ಡಿ ಹೊಸೆದಂತೆ ಹೊಸೆದು, ಸೀಮೆಎಣ್ಣೆ ಸುರಿದರೂ ಜಿನುಗದಂತೆ ತೇದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡಿದ್ದವು. ರಬ್ಬರ್ ಕೊಳವೆಯ ಒಂದು ತುದಿಯನ್ನು ಒಂದೊಂದರ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು, ಎರಡೂ ಒಂದೇ ಸಮ ಉಸಿರೆಳೆದುಕೊಳ್ಳುವ ತನಕ ಸ್ಕ್ರೂ ತಿರುಗಿಸಿದ. ಕೊನೆಗೆ ಇಂಜಿನ್ ಎಷ್ಟು ನಯವಾಗಿ, ಸದ್ದಿಲ್ಲದೆ ಓಡತೊಡಗಿತೆಂದರೆ, ಮೇಲಿಂದ ಬಗ್ಗಿ ನೋಡಿದ ಹೆಂಡತಿ, “ರೀ, ಆಫ್ ಆಗೋಯ್ತಾ?” ಎಂದು ಕೇಳಿದಳು.

ಹೊಸ ಪಿಸ್ಟನ್ ಸಿಲಿಂಡರಿಗೆ ಒಗ್ಗುವವರೆಗೆ ಗಾಡಿಯನ್ನು ಹದವಾಗಿ ಓಡಿಸಿ ಪಳಗಿಸಬೇಕು. “ನಂಗೆ ಆತುರ ಜಾಸ್ತಿ, ನೀವೇ ಪಳಗಿಸಿಕೊಡಿ” ಎಂದು ಡಾಕ್ಟರಮ್ಮ ಕಾರನ್ನು ಅವನಲ್ಲೇ ಬಿಟ್ಟರು.

ರಜೆಯ ದಿನ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು ಕಾರು ಹೊರಡಿಸಿದ. ಊರ ಹೊರಗಿನ ಖಾಲಿ ರಸ್ತೆ ಬಿಟ್ಟು ಅಕ್ಕನ ಬೀದಿಗೆ ತಿರುಗಿಸಿದ. ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿದ.

ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಬಗ್ಗಿದರು. ಕೈಯಲ್ಲಿ ಪೇಪರು ಹಿಡಿದ ಭಾವ ಚಪ್ಪಲಿ ಕೂಡ ಮೆಟ್ಟದೆ ಬಂದರು.

“ಯಾರದೋ ಇದು? ನಿಂದಾ?”

ಗಿರಾಕಿಯದು ಭಾವ ಅಂದಿದ್ದರೆ ಮುಗಿಯುತ್ತಿತ್ತು. “ಹ್ಞೂಂ” ಎಂದುಬಿಟ್ಟ. ಭಾವ ಮೊದಲ ಸಲ ಅವನ ಹೆಗಲ ಮೇಲೆ ಕೈ ಹಾಕಿದರು. ಮೊದಲ ಸಲ ಹೆಸರು ಹಿಡಿದು ಕರೆದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾವ ಪಕ್ಕದ ಸೀಟಿನಲ್ಲಿ ಕೂತರು. ಊರಾಚೆಯ ಏರು ರಸ್ತೆಗೆ ಬಂದಾಗ ಅವರಿಗೆ ಬೇಸರವಾಯಿತು. “ಇದೇನೋ, ಎತ್ತಿನ ಗಾಡಿ ಥರ?”

“ಹೊಸ ಪಿಸ್ಟನ್ ಭಾವ, ಇನ್ನೂ ಪಳಗಬೇಕು.”

“ಸ್ವಂತ ಗಾಡಿ ತುಳಿಯೋಕೂ ಧೈರ್ಯ ಇಲ್ವೇನೋ ಗ್ರೀಸು?”

ಅಷ್ಟು ಸಾಕಾಯಿತು. ಜನ್ಮವಿಡೀ ಮೆಲ್ಲಗೆ ಮೆಲ್ಲಗೆ ಎಂದವನು ತುಳಿದ. ಕಾರು ಹುಚ್ಚು ಕುದುರೆಯಂತೆ ಏರು ಹತ್ತಿತು. ಭಾವ ಮಗುವಿನಂತೆ ಕೇಕೆ ಹಾಕಿದರು. ಇಂಜಿನ್ನಿನ ದನಿ ಬಿಗಿಯಾಗುತ್ತಿರುವುದು ಅವನ ಕಿವಿಗೆ ಬಿತ್ತು. ಆದರೂ ಕಾಲು ತೆಗೆಯಲಿಲ್ಲ. ಮರುಕ್ಷಣ ಯಾರೋ ಕತ್ತು ಹಿಚುಕಿದ ಹಾಗೆ ಇಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರಗಳು ಕಿರುಚಿದವು. ಕ್ಲಚ್ ಒತ್ತಿ, ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದ. ಕಾದ ಪಿಸ್ಟನ್ ಉಬ್ಬಿ ಸಿಲಿಂಡರನ್ನು ಅಪ್ಪಿಕೊಂಡಿದೆ ಎಂಬುದು ಬಾನೆಟ್ ಎತ್ತದೆಯೇ ಗೊತ್ತಾಯಿತು.

ಡಾಕ್ಟರಮ್ಮನಿಗೆ ಫೋನ್ ಮಾಡದೆ ಗತಿಯಿರಲಿಲ್ಲ. ಕಾರು ಕೆಟ್ಟಿದೆ ಎಂದಷ್ಟೇ ಹೇಳಿದ. ಗಾಡಿ ಎಳೆಯುವ ಲಾರಿಯಲ್ಲಿ, ಡ್ರೈವರನ ಪಕ್ಕ ಕೂತು ಅವರೇ ಬಂದರು. ಲಾರಿಯಿಂದಿಳಿದ ಹೆಂಗಸನ್ನು ನೋಡಿ ಭಾವ ಮುಂದೆ ಹೋದರು. “ನೋಡೀಮ್ಮ, ನಮ್ಮ ಭಾಮೈದನ ಕಾರು. ಸ್ವಂತದ್ದು. ಇವತ್ತೇ ಹೀಗಾಗ್ಬೇಕಾ?”

ಡಾಕ್ಟರಮ್ಮ ಮೇಸ್ತ್ರಿಯ ಮುಖ ನೋಡಿದರು. ಅವನು ತನ್ನ ಕಾಲಬುಡ ನೋಡಿದ.

“ಹೌದಾ? ಒಳ್ಳೆ ಕಾರು” ಅಂದರು ಅವರು. ಸರಪಳಿ ಬಿಗಿಯುವವರೆಗೆ ಬಿಸಿಲಲ್ಲೇ ನಿಂತಿದ್ದು, ಭಾವನನ್ನು ಲಾರಿಯಲ್ಲಿ ಕೂರಿಸಿಕೊಂಡು ಮನೆಗೂ ಬಿಟ್ಟರು.

ಮಾರನೆಯ ದಿನ ಡಾಕ್ಟರಮ್ಮ ಗ್ಯಾರೇಜಿಗೆ ಬಂದಾಗ ಇಂಜಿನ್ ಬಿಚ್ಚಿಟ್ಟಿತ್ತು. ಪಿಸ್ಟನ್ನಿನ ಮೈಯೆಲ್ಲ ಬೆಕ್ಕು ಪರಚಿದಂತೆ ಗೀರು. ಅವನು ನಡೆದದ್ದನ್ನೆಲ್ಲ ಹೇಳಿ, “ಬೈದುಬಿಡಿ ಅಮ್ಮ” ಎಂದ.

“ಇಂಜಿನ್ ಹೋಗಿದ್ದಕ್ಕೆ ಬೈಯಲ್ಲ. ನೀವು ಸರಿಮಾಡ್ತೀರಿ, ಗೊತ್ತು. ಆದ್ರೆ ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ ಮೇಸ್ತ್ರಿ.”

ಬೈಗುಳವಾಗಿದ್ದರೆ ಒರೆಸಿಕೊಳ್ಳಬಹುದಿತ್ತು. ಆ ಸಂಜೆ ಅವನು ಬಸ್ಸು ಹಿಡಿದು ಅಕ್ಕನ ಮನೆಗೆ ಹೋದ, ಹಿಂದಿನ ಬಾಗಿಲಿಗೆ. ಭಾವ ಇನ್ನೂ ಬಂದಿರಲಿಲ್ಲ.

“ಅಕ್ಕಾ, ಆ ಕಾರು ನಂದಲ್ಲ.”

“ಗೊತ್ತು” ಅಂದಳು ಅಕ್ಕ. “ನೀನು ಸೀಟಿನ ಮೇಲೆ ಹಳೆ ಬಟ್ಟೆ ಹಾಸ್ಕೊಂಡು ಕೂತಿದ್ದೆ. ಸ್ವಂತ ಕಾರಲ್ಲಿ ಯಾರಾದ್ರೂ ಹಾಗೆ ಕೂರ್ತಾರೇನೋ?”

“ಮತ್ತೆ ಅತ್ತಿದ್ದು?”

“ಇಷ್ಟು ದೊಡ್ಡೋನಾಗಿ, ಅವರ ಮುಂದೆ ಸುಳ್ಳು ಹೇಳೋ ಗತಿ ಬಂತಲ್ಲ ನಿಂಗೆ ಅಂತ. ನಾನೂ ಬಾಯಿ ಬಿಡ್ಲಿಲ್ಲ ನೋಡು. ಯಾವತ್ತೂ ಬಿಟ್ಟಿಲ್ಲ.”

ಭೂಮಿ ಬಾಯಿ ತೆರೆದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಗೇಟಿನ ಸದ್ದಾಯಿತು. ಅಕ್ಕ ಹೋಗು ಎಂದು ಕಣ್ಸನ್ನೆ ಮಾಡಿದರೂ ಅವನು ಹೋಗಲಿಲ್ಲ. ಚಪ್ಪಲಿ ಬಿಡುತ್ತಿದ್ದ ಭಾವನಿಗೆ ನಿಂತಲ್ಲೇ ಎಲ್ಲ ಹೇಳಿದ.

ಭಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಸುಣ್ಣ ಬಳಿದಂತಾಯಿತು. “ಆಫೀಸಲ್ಲಿ ಎಲ್ಲರಿಗೂ ಹೇಳಿಬಿಟ್ಟೆನಲ್ಲೋ” ಅಂದರು. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಇನ್ನೊಬ್ಬನನ್ನು ನಾಚಿಸಿದರೆ ತನ್ನ ನಾಚಿಕೆ ಇಳಿಯುತ್ತದೆಂದು ಮೇಸ್ತ್ರಿ ಎಂದೋ ಅಂದುಕೊಂಡಿದ್ದಿರಬಹುದು. ಇಳಿಯಲಿಲ್ಲ, ಎರಡಾಯಿತು.

ಮೇಸ್ತ್ರಿ ಇಂಜಿನ್ನನ್ನು ಮತ್ತೆ ಮೊದಲಿಂದ ಕಟ್ಟಿದ. ಈ ಸಲ ಡಾಕ್ಟರಮ್ಮ ತಾವೇ ಪಳಗಿಸಿದರು. ಅವನು ಪಕ್ಕದಲ್ಲಿ ಕೂತು ದನಿ ಕೇಳುತ್ತಿದ್ದ. ಅವರು ಹಳೆಯದನ್ನು ಎತ್ತಲಿಲ್ಲ, ಮನೆ ಕಡೆ ಸುದ್ದಿ ಮಾತಾಡಿದರು. ಅದಕ್ಕೆ ಉತ್ತರ ಕೊಡುವಾಗಲೂ ಅವನಿಗೆ ಅವರತ್ತ ಮುಖ ತಿರುಗಿಸಲಾಗುತ್ತಿರಲಿಲ್ಲ.

ಭಾವ ಬಹಳ ದಿನ ಮಾತು ಬಿಟ್ಟರು. ಆಮೇಲೊಂದು ದಿನ ಸ್ಕೂಟರ್ ಕೆಟ್ಟು ಗ್ಯಾರೇಜಿನೆದುರು ತಳ್ಳಿಕೊಂಡು ಬಂದು ನಿಂತರು. ಹೇಗೆ ಕರೆಯುವುದೆಂದು ತಿಳಿಯದವರಂತೆ ಸುಮ್ಮನೆ ಗಂಟಲು ಸರಿಮಾಡಿಕೊಂಡರು. ಮೇಸ್ತ್ರಿ ಹೊರಗೆ ಬಂದ. ಭಾವನಿಗೆ ಕೂರಲು ಸ್ಟೂಲು ಹಾಕಿ ಸ್ಕೂಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕೆಲಸ ಮುಗಿಯುವವರೆಗೆ ಇಬ್ಬರೂ ಸ್ಕೂಟರನ್ನೇ ನೋಡಿದರು.