ಎಡಗೈಯ ಹೊಲಿಗೆ

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಬಾವುಟ ಹೊಲಿಯುವ ಅಟ್ಟವೆಂದರೆ ನಾವಿಕರ ವಿಧವೆಯರ ಅಟ್ಟ. ಹೆಪ್ಸಿಬಾ ಟ್ರಿಗ್‌ಗೆ ಅಲ್ಲಿ ಕೂರುವ ಭಾಗ್ಯ ಮಗ ಅಮೋಸ್ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಬಂತು.

ಅವಳ ಹೊಲಿಗೆಗೆ ಎದುರಿರಲಿಲ್ಲ. ದೊಡ್ಡ ಫಿರಂಗಿಗಳು ಒಟ್ಟಿಗೆ ಸಿಡಿದರೆ ಹಡಗಿನ ಪಿಂಗಾಣಿಯೆಲ್ಲ ಪುಡಿಯಾಗುತ್ತಿತ್ತು. ಹೆಪ್ಸಿಬಾ ಹೊಲಿದ ಅಂಚು ಮಾತ್ರ ಬಿಚ್ಚುತ್ತಿರಲಿಲ್ಲ. ಅವಳಿಗೆ ಸಿಟ್ಟಿದ್ದದ್ದು ಹೊಗೆಯ ಮೇಲೆ. ಹೊಸ ಯುದ್ಧನೌಕೆ ಪೆಂಡ್ರಾಗನ್‌ನಲ್ಲಿ ಬಾವುಟದ ಕಂಬವನ್ನು ಚಿಮಣಿಯ ಬೆನ್ನಿಗೇ ನಿಲ್ಲಿಸಿದ್ದರು. ಬಾವುಟಗಳು ಕರಟಿ ಬರುತ್ತಿದ್ದವು.

"ಇದರ ನಕ್ಷೆ ಬರೆದ ಪುಣ್ಯಾತ್ಮ ಜನ್ಮದಲ್ಲಿ ಒಂದು ಬಟ್ಟೆ ಒಣಗಿ ಹಾಕಿಲ್ಲ ಕಣ್ರೇ. ಹೊಗೆಗೆ ಅಡ್ಡ ಯಾರಾದ್ರೂ ಹಗ್ಗ ಕಟ್ತಾರಾ?"

ಬೈದರೂ ಆ ಹಡಗೆಂದರೆ ಅವಳಿಗೆ ಪ್ರಾಣ. ಬೆಟ್ಟದಂಥ ಕಬ್ಬಿಣ ಜಾರಿ ನೀರಿಗಿಳಿದು, ಒಮ್ಮೆ ಬಾಗಿ, ಬಾತುಕೋಳಿಯ ಹಾಗೆ ನೆಟ್ಟಗೆ ನಿಂತ ದಿನ ಅವಳು ಹೆಮ್ಮೆಯಿಂದ ಅತ್ತಿದ್ದಳು. ಈಗ ಅಮೋಸ್ ಅದರಲ್ಲೇ ಬಾವುಟ ಏರಿಸುವ ಆಳು. ಹರಿದದ್ದನ್ನು ಹೊಲಿಯುವುದನ್ನು ಅವಳೇ ಕಲಿಸಿದ್ದಳು. ಅವನು ಎಡಚ, ಹೊಲಿಗೆಯೆಲ್ಲ ಉಲ್ಟಾ ವಾಲುತ್ತಿತ್ತು.

"ಏಡಿ ನಡೆದ ಹಾಗಿದೆಯಲ್ಲೋ. ಬಿಚ್ಚು, ಮತ್ತೆ ಹೊಲಿ."

"ಗಾಳಿಗೇನು ಗೊತ್ತಾಗುತ್ತೆ ಬಿಡಮ್ಮ, ಯಾವ ಕೈ ಅಂತ."

ಸಾವಿರದ ಒಂಬೈನೂರ ಹದಿನಾರನೆಯ ಇಸವಿಯಲ್ಲಿ ಉತ್ತರ ಸಮುದ್ರದ ದೊಡ್ಡ ಕಾಳಗ ನಡೆಯಿತು. ಊರಲ್ಲಿ ಬೀದಿಗೆ ಬೀದಿಯೇ ಸಾವಿನ ಗುರುತಾಗಿ ಕಿಟಕಿ ಪರದೆ ಇಳಿಸಿತು. ಪೆಂಡ್ರಾಗನ್ ಹೇಗೋ ಬಡಗಣ ಬಂದರು ಸೇರಿತು, ಆದರೆ ಬಹಳ ಜನ ಸತ್ತರು ಎಂದರು. ಯಾರು ಎಂದು ಯಾರೂ ಹೇಳಲಿಲ್ಲ. ಹೆಪ್ಸಿಬಾಳಿಗೆ ಅನ್ನಾಹಾರ ಸೇರದಾಯಿತು.

ಒಂದು ಬೆಳಿಗ್ಗೆ ದುರಸ್ತಿಯ ಬಾವುಟಗಳ ಮೂಟೆ ಬಂತು. ಪಕ್ಕದ ಮೇಜಿನ ರೋಸೀನಾ ಮೂಟೆ ಬಿಚ್ಚಿದವಳು ಅವಳತ್ತ ತಿರುಗಿದಳು.

"ಹೆಪ್ಸಿ, ಇದು ಪೆಂಡ್ರಾಗನ್‌ದು. ನಾನೇ ನೋಡ್ಲಾ?"

"ಬೇಡ. ಇಲ್ಲಿ ಕೊಡು."

ಅವಳು ಹೊಲಿದ ಅಂಚು ಬಿಚ್ಚಿರಲಿಲ್ಲ. ಅಂದು ಅವಳಿಗೆ ಆ ಹೆಮ್ಮೆ ಬೇಕಾಗಿರಲಿಲ್ಲ. ನಡುವೆ ಗುಂಡಿನ ಚೂರು ಹೊಕ್ಕು ಸುಟ್ಟ ತೂತು, ಅದಕ್ಕೊಂದು ತೇಪೆ. ಬೆರಳಾಡಿಸಿದಳು. ತೇಪೆಯ ಹೊಲಿಗೆಯೆಲ್ಲ ಉಲ್ಟಾ ವಾಲಿತ್ತು. ಕಾಳಗ ಮುಗಿದ ಮೇಲೆ ಅಮೋಸ್ ಕೂತು ಹೊಲಿದಿದ್ದಾನೆ. ಹೆಪ್ಸಿಬಾ ಬಾವುಟವನ್ನು ಮುಖಕ್ಕೊತ್ತಿಕೊಂಡು ಬಿಕ್ಕಿದಳು.

ಮೇಲ್ವಿಚಾರಕಿ ಬಂದು ತೇಪೆ ನೋಡಿದಳು. "ಥೂ, ಎಷ್ಟು ಸೊಟ್ಟ. ಬಿಚ್ಚಿ ಹೊಲಿ, ಟ್ರಿಗ್."

"ಚೆನ್ನಾಗೇ ಇದೆ, ಮೇಡಂ," ಎಂದಳು ಹೆಪ್ಸಿಬಾ.

ಮುಪ್ಪಾಗುವವರೆಗೂ ಅವಳು ಆ ಅಟ್ಟದಲ್ಲಿ ದುಡಿದಳು. ಕಣ್ಣಿಗೆ ಬಿದ್ದ ಸೊಟ್ಟ ಹೊಲಿಗೆಗಳಲ್ಲಿ ಬಿಚ್ಚದೆ ಕಳಿಸಿದ್ದು ಅದೊಂದನ್ನೇ.