ಎಲೆಯ ಎಡಭಾಗ

ಮೂವತ್ತು ವರ್ಷ ಸಾಗರದಿಂದ ತೀರ್ಥಹಳ್ಳಿಯವರೆಗೆ ಮದುವೆ, ಮುಂಜಿಗಳ ಅಡುಗೆ ವಹಿಸಿಕೊಂಡವನು ನಾನು. ಅಡುಗೆಗಿಂತ ಬಡಿಸುವುದರ ಮೇಲೆ ನನಗೆ ಹೆಚ್ಚು ಕಣ್ಣು. ಎಲೆಯ ಕುಡಿ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಡಕ್ಕೆ, ಪಲ್ಯ ಬಲಕ್ಕೆ. ಒಂದು ಎಲೆಗೆ ಒಂದು ಪದಾರ್ಥ ತಪ್ಪಿದರೂ ಬಡಿಸುವವರ ಗ್ರಹಚಾರ ಬಿಡಿಸುತ್ತಿದ್ದೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ. ವಿಚಿತ್ರವೆಂದರೆ, ನನಗೆ ಅಂಥದ್ದೇನೂ ಆಗಿಲ್ಲ ಎಂದೇ ನಾನು ನಂಬಿದ್ದೆ. ತೀರ್ಥಹಳ್ಳಿಯಿಂದ ಸ್ಕೂಟಿಯಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ "ಎಡಕ್ಕೆ ತಿರುಗಿ ಅಂಕಲ್, ಎಡಗೈ ಎತ್ತಿ ಅಂಕಲ್" ಎಂದರೆ ಮೈ ಉರಿಯುತ್ತಿತ್ತು. "ನಂಗೆ ಎಂತ ಆಗಿದೆ ಅಂತ ಈ ಕಸರತ್ತು?" ಎಂದು ಎರಡು ಸಲ ಅವಳನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ್ದೆ.

ನಾನು ಬದುಕಿ ಬಂದೆನೆಂದು ಹೆಂಡತಿ ಸತ್ಯನಾರಾಯಣ ಪೂಜೆ ಮಾಡಿಸಿದಳು. ಹತ್ತಾರು ಜನ ನೆಂಟರಿದ್ದರು, ಜೊತೆಗೆ ಆ ಹುಡುಗಿಯೂ ಊಟಕ್ಕಿದ್ದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೇಜಿನ ಮೇಲೆ ಎಲೆ ಹಾಕಿದರು. ನೋಡುತ್ತೇನೆ, ಎಲೆಗೆ ಕುಡಿಯೇ ಇಲ್ಲ! ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ. ಎರಡು ಪಲ್ಯ, ಒಂದಿಷ್ಟು ಅನ್ನ, ಅಷ್ಟೇ.

"ಕೈಲಾಗದವ್ನಿಗೆ ತುಂಡೆಲೆ ಸಾಕು ಅಂತ ಮಾಡಿದ್ಯಾ? ಕೋಸಂಬ್ರಿ ಎಲ್ಲಿ? ನನ್ ಮನೇಲೇ ನಂಗೆ ಪಂಕ್ತಿಭೇದನಾ?" ಎಂದು ಎಲ್ಲರೆದುರು ಹೆಂಡತಿಯ ಮೇಲೆ ಕೂಗಾಡಿದೆ.

"ಎಲ್ಲಾ ಬಡ್ಸಿದೀನಲ್ರೀ. ಅಲ್ಲೇ ಇದ್ಯಲ್ಲ!"

"ಸುಳ್ಳು ಬೇರೆ ಹೇಳ್ತೀಯಾ?"

ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಯಾರ ತುತ್ತೂ ಬಾಯಿಗೆ ಹೋಗಲಿಲ್ಲ. ಆಗ ಆ ಹುಡುಗಿ ಎದ್ದು ಬಂದು ನನ್ನ ಎಲೆಯನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟಳು. ಬಡಿಸಿದ ಎಲೆಯನ್ನು ಹಾಗೆ ತಿರುಗಿಸುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬೈಯಲು ಬಾಯಿ ತೆರೆದು ಎಲೆಯ ಕಡೆ ನೋಡಿದೆ.

ಕೋಸಂಬರಿ ಇತ್ತು. ಉಪ್ಪಿನಕಾಯಿ ಇತ್ತು. ಉಪ್ಪು, ಕುಡಿ ಎಲ್ಲ ಇತ್ತು. ಈಗಷ್ಟೇ ನೋಡಿದ್ದ ಪಲ್ಯಗಳು ಮಾತ್ರ ಮಾಯ!

"ಎಲ್ಲಿಂದ ತಂದೆ?" ಎಂದೆ.

"ಎಲ್ಲಿಂದ್ಲೂ ತರ್ಲಿಲ್ಲ ಅಂಕಲ್. ಕಣ್ಣು ಚೆನ್ನಾಗೇ ಇದೆ. ಸ್ಟ್ರೋಕ್ ಆದ್ಮೇಲೆ ನಿಮ್ಮ ಮಿದುಳು ಎಡಗಡೆನ ಲೆಕ್ಕಕ್ಕೇ ತಗೊಳ್ತಿಲ್ಲ. ಅದಕ್ಕೇ ದಿನಾ ತಿರುಗಿ, ತಿರುಗಿ ಅಂತ ಬಡ್ಕೊಳ್ಳೋದು."

ನಾನು ತಣ್ಣಗಾದೆ. ಕಣ್ಣು ಕಾಣದವರಿಗೆ ಕಾಣುವುದಿಲ್ಲ ಎಂಬುದಾದರೂ ಗೊತ್ತಿರುತ್ತದೆ. ನನಗೆ ಕತ್ತಲೆ ಇರಲಿಲ್ಲ, ಮಸುಕು ಇರಲಿಲ್ಲ. ಅರ್ಧ ಲೋಕ ಕಾಣೆಯಾಗಿತ್ತು, ಉಳಿದರ್ಧವನ್ನೇ ಇಡೀ ಲೋಕ ಎಂದುಕೊಂಡು ದರ್ಬಾರು ನಡೆಸುತ್ತಿದ್ದೆ. ಹೆಂಡತಿಯ ಹೆಗಲು ಹಿಡಿದು ನಡೆಯುವಾಗ ಬಾಗಿಲ ದಾರಂದಕ್ಕೆ ದಿನಾ ಎಡಭುಜ ತಾಗಿಸಿಕೊಂಡು ಬಡಗಿಯನ್ನು ಬೈದದ್ದು, ಅರ್ಧ ಗಡ್ಡ ಹೆರೆದುಕೊಂಡು ಮುಗಿಯಿತೆಂದು ಎದ್ದದ್ದು, ಒಂದೊಂದೇ ನೆನಪಾಗಿ ಆ ದಿನವೆಲ್ಲ ಹೆದರಿಕೆಯಲ್ಲಿ ಕಳೆದೆ.

ಮರುದಿನದಿಂದ ಬಾಯಿ ಮುಚ್ಚಿಕೊಂಡು ವ್ಯಾಯಾಮ ಮಾಡಿದೆ. ಮೇಜಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿದರು. ಅದು ಕಾಣುವವರೆಗೆ ಕತ್ತು ತಿರುಗಿಸಿ ಆಮೇಲೆ ಊಟ. ಹೆಂಡತಿ ಎಡಗಡೆ ಕೂತು ಲಿಂಬೆಹಣ್ಣು ಹಿಡಿಯುವಳು. ನಾನು ತಿರುಗಿ, ಹುಡುಕಿ, ಬಲಗೈಯಲ್ಲಿ ತೆಗೆದುಕೊಂಡು ಎಡಗೈಯಲ್ಲಿಟ್ಟು ಹಿಸುಕಬೇಕು. ಇಪ್ಪತ್ತು ಸಲ, ಮತ್ತೆ ಇಪ್ಪತ್ತು ಸಲ. ಬೆವರು ಇಳಿಯುತ್ತಿತ್ತು. ಲಿಂಬೆಹಣ್ಣು ಸಿಗುತ್ತಿತ್ತು, ಹಿಡಿದವಳ ಮುಖ ಮಾತ್ರ ಇನ್ನೂ ಸಿಗುತ್ತಿರಲಿಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ಕತ್ತು ಇನ್ನಷ್ಟು ಹೊರಳಿತು. ಅವಳ ಮುಖ ಪೂರ್ತಿ ಕಂಡಿತು. ಬಹಳ ಇಳಿದುಹೋಗಿದ್ದಳು. ಯಾರಿಗೂ ಹೇಳದೆ ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಆಗ ತಡೆಯದೆ ಬಾಯಿಗೆ ಬಂತು.

"ಆಸ್ಪತ್ರೇಲಿ ಒಂಬತ್ ದಿನ ನೀನು ಬಾಗಿಲಾಚೆ ನಿಂತು ಯಾರ್ಯಾರ ಹತ್ರನೋ ಮಾತಾಡ್ತಿದ್ದೆ. ದನಿ ಕೇಳ್ತಿತ್ತು ನಂಗೆ. ಒಂದ್ಸಲ ಒಳಗೆ ಬಂದು ಮುಖ ತೋರ್ಸ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಅವಳು ಲಿಂಬೆಹಣ್ಣನ್ನು ಮೇಜಿನ ಮೇಲಿಟ್ಟಳು.

"ನಿಮ್ ಹತ್ರಾನೇ ಮಾತಾಡ್ತಿದ್ದೆ. ಬಲಗೈಗೆ ಡ್ರಿಪ್ ಹಾಕಿದ್ರು. ಒಂಬತ್ ದಿನವೂ ಈ ಕೈ ಹಿಡ್ಕೊಂಡೇ ಕೂತಿದ್ನಲ್ರೀ."

ಯಾವ ಕೈ ಎಂದು ಕತ್ತು ಬಗ್ಗಿಸಿ, ಇನ್ನೂ ಎಡಕ್ಕೆ ಹುಡುಕಿ ನೋಡಿದೆ. ನನಗೆ ಸ್ಪರ್ಶವೇ ತಿಳಿದಿರಲಿಲ್ಲ. ಈಗಲೂ ಹಿಡಿದುಕೊಂಡೇ ಇದ್ದಳು.