ಅಕ್ಕಿ ಜಾರುವ ಕಂಡಿ

ನನ್ನ ಸೋದರಮಾವ ಯಾವ ಮಾತನ್ನೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ಬೆಳ್ಮಣ್ ಬಳಿಯ ನಮ್ಮ ಗುತ್ತಿನ ಮನೆಯ ಜೀರ್ಣೋದ್ಧಾರದ ಬಗ್ಗೆ ಕುಟುಂಬದ ಸಭೆ ಸೇರಿದಾಗ, ಹೊರಗೋಡೆಯ ಕಂಡಿಯನ್ನು ಕೆಡವಬಾರದೆಂದು ನಾನು ವಾದ ಹೂಡಿದೆ. ಅವರು ತಟ್ಟನೆ, "ಆಯ್ತು, ಇರಲಿ ಅದು" ಎಂದುಬಿಟ್ಟರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಎದುರಾಳಿ ಸುಲಭವಾಗಿ ಬಿಟ್ಟುಕೊಟ್ಟ ಅಂಶವನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬುದು. ಸಿದ್ಧಪಡಿಸಿಕೊಂಡು ಬಂದಿದ್ದ ಪ್ರತಿವಾದಗಳೆಲ್ಲ ಬಾಯಲ್ಲೇ ಉಳಿದವು. ಸಂಶಯ ಮಾತ್ರ ನನ್ನೊಡನೆ ಮಣಿಪಾಲದ ಮನೆಯವರೆಗೂ ಬಂತು.

ಗುತ್ತಿನ ಮನೆ ಎಂದರೆ ಒಂದು ಕಾಲದಲ್ಲಿ ಊರಿನ ಗದ್ದೆಗಳನ್ನೂ ನ್ಯಾಯವನ್ನೂ ಕೈಯಲ್ಲಿಟ್ಟುಕೊಂಡಿದ್ದ ಮನೆ. ನಮ್ಮಲ್ಲಿ ಅದು ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಯಜಮಾನಿಕೆ ಮಾತ್ರ ಸೋದರಮಾವಂದಿರದು. ಭೂಸುಧಾರಣೆಯಲ್ಲಿ ಗದ್ದೆಗಳು ಉಳುವವರ ಪಾಲಾದ ಮೇಲೂ ಚಾವಡಿಯ ಗತ್ತು ಕರಗಲಿಲ್ಲ. ಹಲಸಿನ ಮರದ ಕಂಬಗಳಲ್ಲಿ ಗಿಳಿಗಳೂ ಬಾಳೆಮೊಗ್ಗುಗಳೂ ಇವೆ. ತಲೆಯ ಮೇಲೆ ಮರದ ಮುಚ್ಚಿಗೆ, ಒಳಗೆ ದೈವದ ಕೋಣೆ, ಅಲ್ಲಿ ದೈವಕ್ಕೇ ಮೀಸಲಾದ, ಯಾರೂ ಕೂರದ ಉಯ್ಯಾಲೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಂದು ಕಂಬಗಳ ಚಿತ್ರ ಬರೆದುಕೊಂಡು ಹೋಗುತ್ತಾರೆ. ನನಗೆ ಆ ಕಂಬಗಳ ಸೌಂದರ್ಯಕ್ಕಿಂತ ಅವುಗಳ ನಡುವಿನ ಅಂತರವೇ ಹೆಚ್ಚು ಕಾಣುತ್ತಿತ್ತು. ಯಾರು ಉಯ್ಯಾಲೆಯವರೆಗೆ, ಯಾರು ಜಗಲಿಯವರೆಗೆ, ಯಾರು ಅಂಗಳದವರೆಗೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬಾರದಂತೆ ಕಟ್ಟಿದ ಮನೆ ಅದು.

ಅಂಗಳದವರೆಗೂ ಬರಲಾಗದವರಿಗಾಗಿ ಆ ಕಂಡಿ ಇತ್ತು. ಕೆಂಪುಕಲ್ಲಿನ ದಪ್ಪ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ ಒಂದು ತೆರಪು, ಅದರಲ್ಲಿ ಹೊರಗೆ ಇಳಿಜಾರಾಗಿ ಕೂರಿಸಿದ ಒಂದು ಕಲ್ಲು. ಮಳೆನೀರು ಹೋಗಲಿಕ್ಕೆ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿದ್ದರು. ಸೊಂಟದ ಎತ್ತರದಲ್ಲಿ ಯಾವ ಮಳೆನೀರು ಹರಿಯುತ್ತದೆ ಎಂದು ಕೇಳಿದ್ದಕ್ಕೆ ಅಜ್ಜಿ, "ಹೆಣ್ಣುಮಕ್ಕಳಿಗೆ ಇಷ್ಟು ಪ್ರಶ್ನೆ ಎಂತಕ್ಕೆ?" ಎಂದು ಬೆಲ್ಲದ ತುಂಡೊಂದನ್ನು ಕೈಗಿಟ್ಟಿದ್ದರು. ಉತ್ತರ ಸಿಕ್ಕಿದ್ದು ಉಡುಪಿಯ ಕಾಲೇಜಿನಲ್ಲಿ, ಚರ್ಚಾಸ್ಪರ್ಧೆಯ ನನ್ನ ಜೊತೆಗಾರ್ತಿಯಿಂದ. ಅವಳ ಅಜ್ಜಿ ನಮ್ಮ ಗದ್ದೆಗಳಲ್ಲಿ ನಾಟಿ ಮಾಡಿದವರು. ದಿನದ ಕೂಲಿಯನ್ನು ಒಳಗಿನಿಂದ ಸೇರಿನಲ್ಲಿ ಅಳೆದು ಕಂಡಿಗೆ ಸುರಿಯುತ್ತಿದ್ದರಂತೆ. ಕೈಗೆ ಕೈ ತಾಗದಂತೆ ಅಕ್ಕಿ ಕಲ್ಲಿನ ಮೇಲೆ ಜಾರಿ ಹೊರಗೆ ಒಡ್ಡಿದ ಸೆರಗಿಗೆ ಬೀಳುತ್ತಿತ್ತಂತೆ. ಅವಳು ಇದನ್ನು ದೂರಿನಂತೆ ಹೇಳಲಿಲ್ಲ, ವಿಳಾಸ ಹೇಳಿದಂತೆ ಹೇಳಿದಳು. ಈಗ ಅವಳು ಕಾರ್ಕಳದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಆ ಗುರುತು ಅಳಿಯಬಾರದೆಂದೇ ನಾನು ಸಭೆಯಲ್ಲಿ ಕಂಡಿಗಾಗಿ ವಾದಿಸಿದ್ದು.

ಜೀರ್ಣೋದ್ಧಾರ ಮುಗಿದು, ಗೃಹಪ್ರವೇಶದ ಮುನ್ನಾದಿನ ನಾನು ಮನೆಗೆ ಹೋದಾಗ ಚಪ್ಪರ ಅಂಗಳದಲ್ಲಿರಲಿಲ್ಲ. ಗೋಡೆಯ ಹೊರಗೆ, ಕಂಡಿಯ ಎದುರಿಗೇ ಎದ್ದಿತ್ತು. ಕಾಪುವಿನಿಂದ ಬಂದ ಫೋಟೋಗ್ರಾಫರ್ ಅಲ್ಲಿಯೇ ನಿಂತು ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ವಿಚಾರಿಸುತ್ತಿದ್ದ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಸೇರು ಹುಣಸೆಹುಳಿ ಹಾಕಿ ತಿಕ್ಕಿಸಿಕೊಂಡು ಜಗಲಿಯಲ್ಲಿ ಮಿಂಚುತ್ತಿತ್ತು. ಅದರ ಪಕ್ಕದಲ್ಲಿ ಗೋಡೆಗೆ ಒರಗಿಸಿದ ಹೊಸ ಮರದ ಹಲಗೆ. ಅದರಲ್ಲಿ ಕೆತ್ತಿದ್ದರು: ದಾನದ ಕಂಡಿ.

"ಮಾಮ, ದಾನ ಯಾರು ಯಾರಿಗೆ ಮಾಡಿದ್ದು?"

"ನಮ್ಮ ಹಿರಿಯರು. ಊರವರಿಗೆ."

"ಅದು ಕೂಲಿ ಅಲ್ವಾ? ಇಡೀ ದಿನ ಕೆಸರಲ್ಲಿ ನಿಂತವರ ಕೂಲಿ."

"ಕೊಟ್ಟದ್ದು ಅಕ್ಕಿಯೇ ತಾನೇ? ನೀನೇ ಉಳಿಸಬೇಕು ಅಂತ ಹೇಳಿದ್ದು, ಉಳಿಸಿದ್ದೇವೆ. ಈಗ ಅದಕ್ಕೂ ತಕರಾರು. ದೇವರು ಪ್ರತ್ಯಕ್ಷ ಆದರೂ ನೀನು ಅವರ ಗುರುತಿನ ಚೀಟಿ ಕೇಳ್ತಿ, ಮಾರಾಯ್ತಿ!"

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ನಾಳೆ ಹಿಂದಿನವರ ಹಾಗೆಯೇ ಒಂದು ಸೇರು ಕುಚ್ಚಲಕ್ಕಿಯನ್ನು ಕಂಡಿಯಿಂದ ಸುರಿಯುವುದೆಂದೂ, ಗೌರವಪೂರ್ವಕವಾಗಿ ಅದನ್ನು ಸ್ವೀಕರಿಸಲು ಕಾರ್ಕಳದ ನನ್ನ ಆ ಗೆಳತಿಯನ್ನೇ ಕರೆದಿರುವುದಾಗಿಯೂ ಮಾಮ ಸಂತೋಷದಿಂದಲೇ ಹೇಳಿದರು. ಅವರಿಗೆ ಅದು ಗೌರವವಾಗಿಯೇ ಕಂಡಿತ್ತೋ, ಅಥವಾ ಅವಳು ಸೆರಗೊಡ್ಡಿದ ಒಂದು ಫೋಟೋದಿಂದ ಹಲಗೆಯ ಸುಳ್ಳಿಗೆ ಸಾಕ್ಷಿ ಸಿಗುತ್ತದೆಂಬ ಲೆಕ್ಕವಿತ್ತೋ, ನನಗೆ ಇಂದಿಗೂ ನಿರ್ಧರಿಸಲಾಗಿಲ್ಲ.

ಕೂಡಲೇ ಗೆಳತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ನೀನು ಬರಬೇಡ."

"ಗೊತ್ತುಂಟು. ಬರ್ತೇನೆ."

"ನಿನ್ನನ್ನು ಅಲ್ಲಿ ನಿಲ್ಲಿಸ್ತಾರೆ!"

"ನಿಲ್ಲುವುದು ನಾನು ಅಲ್ವಾ? ಸ್ಪರ್ಧೆಯಲ್ಲೂ ನೀನು ಹೀಗೆಯೇ. ನನ್ನ ಸರದಿ ಬಂದಾಗಲೂ ನೀನೇ ಮಾತಾಡ್ತಿದ್ದಿ."

ಅವಳು ಇಷ್ಟು ಶಾಂತವಾಗಿದ್ದುದೂ ನನಗೆ ಸಂಶಯಾಸ್ಪದವೆನಿಸಿತು. ಅವಳನ್ನೂ ಮಾತಿನಲ್ಲಿ ಒಲಿಸಿಕೊಂಡಿರಬಹುದೇ ಎಂಬ ಯೋಚನೆ ಒಮ್ಮೆ ಸುಳಿದುಹೋಯಿತು.

ಮರುದಿನ ಅವಳು ರೇಷ್ಮೆ ಸೀರೆಯುಟ್ಟು ಬಂದಳು. ಹಿರಿಯಡ್ಕದಿಂದ, ಪೆರ್ಡೂರಿನಿಂದ ಬಂದ ನಂಟರು ಚಪ್ಪರದಲ್ಲಿ ತುಂಬಿದ್ದರು. ಹೇಳಿದ ಜಾಗದಲ್ಲಿ, ಕಂಡಿಯ ಎದುರು ಅವಳು ನಿಂತಳು. ಒಳಗಿನಿಂದ ಮಾಮ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು. ಸೇರು ಕಲ್ಲಿಗೆ ತಾಗಿತು. ಕೆಂಪಕ್ಕಿ ಜಾರಿ ಬಂತು. ಅವಳು ಕೈಕಟ್ಟಿ ನಿಂತೇ ಇದ್ದಳು. ಅಕ್ಕಿ ಅವಳ ಪಾದಗಳ ಮುಂದೆ ನೆಲಕ್ಕೆ ಸುರಿದು ಚಪ್ಪರದ ದಾರಿಗೆ ಅಡ್ಡವಾಗಿ ಹರಡಿತು.

ಕಂಡಿಯಲ್ಲಿ ಬಗ್ಗಿದ ಮಾಮನ ಮುಖ ಕಾಣಿಸಿಕೊಂಡಿತು. "ಸೆರಗು ಹಿಡಿಯಬಾರದಿತ್ತಾ ಮಗಾ?"

"ಕೈಯಲ್ಲಿ ಕೊಡಿ, ತಗೊಳ್ತೇನೆ. ನಾನು ಇಲ್ಲೇ ಇದ್ದೇನಲ್ಲ" ಎಂದಳು ಅವಳು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ.

ಯಾರೂ ಮುಂದೆ ಬರುವಂತಿರಲಿಲ್ಲ, ಹಿಂದೆ ಹೋಗುವಂತಿರಲಿಲ್ಲ. ನಮ್ಮಲ್ಲಿ ಅಕ್ಕಿಯನ್ನು ತುಳಿಯುವವರಿಲ್ಲ. ಚಿಕ್ಕಮ್ಮ ಗಾಬರಿಯಿಂದ ಗುಡಿಸಲು ಹಿಡಿಸೂಡಿ ಹಿಡಿದು ಓಡಿಬಂದರು. "ಅಕ್ಕಿಗೆ ಹಿಡಿಸೂಡಿ ಮುಟ್ಟಿಸ್ತೀಯಾ?" ಎಂದು ಗೋಡೆಯೊಳಗಿನಿಂದ ಮಾಮ ಗದರಿದರು. ಉಳಿದದ್ದು ಒಂದೇ ದಾರಿ. ಅವರು ಅಂಗಳ ದಾಟಿ, ಹೆಬ್ಬಾಗಿಲು ದಾಟಿ, ಗೋಡೆಯನ್ನು ಸುತ್ತಿ ಹೊರಗೆ ಬಂದರು. ಜರಿ ಪಂಚೆಯನ್ನು ಎತ್ತಿಕಟ್ಟಿ, ಕಂಡಿಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಒಳಗಿನಿಂದ ತಂದ ಬಿದಿರಿನ ಗೆರಸೆಗೆ ಅಕ್ಕಿಯನ್ನು ಬೊಗಸೆಯಿಂದ ತುಂಬತೊಡಗಿದರು. ನೆರವಾಗಲು ನಾನು ಬಗ್ಗಿದೆ. "ನೀನು ಸುಮ್ಮನಿರು" ಎಂದಳು ಗೆಳತಿ.

ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ್ದ. ಮಾಮ ಎದ್ದು, ಉಸಿರು ತಿರುಗಿಸಿಕೊಂಡು, ಗೆರಸೆಯನ್ನು ಎರಡೂ ಕೈಗಳಿಂದ ಅವಳ ಎರಡೂ ಕೈಗಳಿಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡೇ ಹೆಬ್ಬಾಗಿಲಿನಿಂದ ಒಳಗೆ ನಡೆದು, ಚಾವಡಿಯ ಕಂಬಕ್ಕೊರಗಿ ಕುಳಿತಳು. "ನಿಮ್ಮ ಕಂಬಗಳು ಚಂದ ಉಂಟು" ಎಂದಳು. ಮನೆಗೆ ಬಂದ ನೆಂಟರಿಗೆ ಕೊಡುವಂತೆ ಮಾಮ ಅವಳಿಗೆ ಬೆಲ್ಲ ನೀರು ತರಿಸಿದರು.

ಊಟ ಮುಗಿದ ಮೇಲೆ ಅವರು ನನ್ನನ್ನು ಕರೆದು, ಹಲಗೆಯ ಕಡೆಗೆ ನೋಡದೆ, "ಅದನ್ನು ಬದಲಿಸಬೇಕು. ಎಂತ ಬರೆಯಬೇಕು ಅಂತ ಅವಳ ಹತ್ತಿರವೇ ಕೇಳು" ಎಂದರು.

ಈ ಸಲವೂ ಒಂದೇ ಮಾತಿಗೆ ಒಪ್ಪಿಬಿಟ್ಟಿದ್ದರು. ನಾನು ಹಲಗೆಯನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ಅವರೆದುರಿಗೇ ಬಾಗಿಲು ಹಾಕಿಕೊಂಡು ಮಣಿಪಾಲಕ್ಕೆ ಹೊರಟೆ. ಅದನ್ನು ಅಲ್ಲಿಯೇ ಬಿಟ್ಟು ಬರುವಷ್ಟು ನಂಬಿಕೆ ನನಗಿನ್ನೂ ಬಂದಿರಲಿಲ್ಲ.